ತುಂಬಿ ಹಿಡಿದ ಉಸಿರು

ತುಮಕೂರಿನ ಆ ಸ್ಕ್ಯಾನಿಂಗ್ ಸೆಂಟರಿಗೆ ಗುಬ್ಬಿ ಕಡೆಯಿಂದ ಬರುವ ಜನ ಮಾಲಿನಿಗೆ ಇಟ್ಟಿರುವ ಹೆಸರು ‘ಉಸಿರು ಮೇಡಂ’. ಎದುರಿಗೇ ಹಾಗೆ ಕರೆಯುತ್ತಾರೆ, ಮುಚ್ಚುಮರೆ ಏನಿಲ್ಲ. “ಉಸಿರು ಮೇಡಂ ಅವ್ರಾ, ಇಲ್ಲಾ ಆ ಸಾರ್ ಅವ್ರಾ?” ಎಂದು ಕೌಂಟರಿನಲ್ಲಿ ವಿಚಾರಿಸಿ, ಸಾರ್ ಇದ್ದರೆ ನಾಳೆ ಬರುತ್ತೇವೆಂದು ಹೊರಟುಬಿಡುವವರೂ ಉಂಟು. ಆ ಸಾರ್ ಎಂದರೆ ಅವಳ ಜೊತೆ ಕೆಲಸ ಮಾಡುವ ಮಲ್ಲಿಕಾರ್ಜುನ್. ಪಾಪ, ಒಳ್ಳೆಯವನೇ. ಆದರೆ ಅವನು ಮೈಕಿನಲ್ಲಿ ಉಸಿರು ಹಿಡಿಯಿರಿ ಎಂದರೆ ಪೊಲೀಸಿನವರು ‘ಕೈ ಮೇಲೆತ್ತಿ’ ಅಂದ ಹಾಗಿರುತ್ತದೆ. ಹೆದರಿದವರಿಗೆ ಉಸಿರು ಎಲ್ಲಿ ನಿಲ್ಲುತ್ತದೆ?

ಮಾಲಿನಿಗೆ ಈಗ ನಲವತ್ತಮೂರು. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ, ಮನೆ ಶೆಟ್ಟಿಹಳ್ಳಿಯಲ್ಲಿ, ಹದಿನೆಂಟು ವರ್ಷದಿಂದ ದುಡಿಮೆ ಆ ಎಂಆರ್‌ಐ ಯಂತ್ರದ ಮುಂದೆ. ಗಾಜಿನ ಆ ಕಡೆ ದೊಡ್ಡ ಅಯಸ್ಕಾಂತದ ಸುರಂಗದೊಳಗೆ ರೋಗಿ, ಈ ಕಡೆ ಮೈಕು, ಪರದೆ ಮತ್ತು ಅವಳು. ಮಂಡಿ, ಬೆನ್ನು, ತಲೆ ಎಲ್ಲ ದಿನವೂ ಬರುತ್ತವೆ. ಹೃದಯಕ್ಕೆ ಮಾತ್ರ ಗುರುವಾರ ಮೀಸಲು. ನಾಲ್ಕು ವರ್ಷದಿಂದ ಗುರುವಾರ ಬೆಳಿಗ್ಗೆ ಅವಳು ತಿಂಡಿ ಮುಟ್ಟುವುದಿಲ್ಲ. ಯಾಕೆ ಎಂದು ಗಂಡನಿಗೂ ಹೇಳಿರಲಿಲ್ಲ.

ಅದು ತಿಳಿಯಬೇಕಾದರೆ ಹೃದಯದ ಬಲಭಾಗದ ಕಥೆ ಸ್ವಲ್ಪ ತಿಳಿಯಬೇಕು. ಎಡಭಾಗಕ್ಕೆ ಇರುವ ಮರ್ಯಾದೆ ಬಲಭಾಗಕ್ಕಿಲ್ಲ. ಎಡಗಡೆಯದು ಮನೆಯ ಹಿರಿಮಗನ ಹಾಗೆ, ಕೆಮ್ಮಿದರೂ ಊರೆಲ್ಲ ವಿಚಾರಿಸುತ್ತದೆ. ಬಲಗಡೆಯದು ಕಿರಿಸೊಸೆ. ನೋವಾದರೂ ಬಾಯಿಬಿಡದೆ ಒಳಗೊಳಗೇ ಊದಿಕೊಳ್ಳುತ್ತದೆ. ಅದರ ಗೋಡೆ ತೆಳು, ಆಕಾರ ಸೊಟ್ಟ, ಎದೆಮೂಳೆಯ ಹಿಂದೆ ಅವಿತ ಜಾಗ. ಎದೆಯ ಮೇಲೆ ಜೆಲ್ ಹಚ್ಚಿ ನೋಡುವ ಎಕೋದಲ್ಲಿ ಅದು ಪೂರ್ತಿ ಸಿಕ್ಕುವುದಿಲ್ಲ. ಅದಕ್ಕೇ ಡಾಕ್ಟರು ಎಂಆರ್‌ಐಗೆ ಬರೆಯುವುದು.

ಯಂತ್ರ ಆ ಬಲಗೋಣೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹನ್ನೆರಡು ಬಿಲ್ಲೆ ಮಾಡಿ ತೋರಿಸುತ್ತದೆ. ಒಂದೊಂದು ಬಿಲ್ಲೆಗೆ ಒಂದೊಂದು ಉಸಿರು. ರೋಗಿ ಪ್ರತಿ ಸಲವೂ ಉಸಿರನ್ನು ಪೂರಾ ಹೊರಗೆ ಬಿಟ್ಟು, ಖಾಲಿ ಎದೆಯಲ್ಲಿ ಹತ್ತು ಹನ್ನೆರಡು ಸೆಕೆಂಡು ನಿಲ್ಲಿಸಬೇಕು. ಎದೆ ತುಂಬಿಕೊಂಡು ಬಿಗಿಹಿಡಿದರೆ ಕೆಟ್ಟಿತು. ಬಲಗೋಣೆಗೆ ಬರುವ ರಕ್ತ ಕಡಿಮೆಯಾಗಿ, ಊದಿಕೊಂಡ ಕೋಣೆಯೂ ಚಿಕ್ಕದಾಗಿ ಕಾಣುತ್ತದೆ, ಬಿಲ್ಲೆಗಳೂ ಒಂದಕ್ಕೊಂದು ಸರಿದುಹೋಗುತ್ತವೆ. ಆಮೇಲೆ ಒಂದೊಂದು ಬಿಲ್ಲೆಯ ಅಂಚನ್ನೂ ಮೌಸಿನಲ್ಲಿ ಗೆರೆ ಎಳೆದು ಗುರುತಿಸುವುದು ಮಾಲಿನಿಯ ಕೆಲಸ. ಎಲ್ಲ ಕೂಡಿ, ಮೈಯ ಅಳತೆಗೆ ಹೊಂದಿಸಿ, ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಬೆಂಗಳೂರಿನಲ್ಲಿ ಕೂತು ಇವರ ಸ್ಕ್ಯಾನ್ ನೋಡುವ ಹೃದಯದ ಡಾಕ್ಟರು ತಮಗೊಂದು ಗಡಿ ಇಟ್ಟುಕೊಂಡಿದ್ದರು. ನೂರೈವತ್ತು ದಾಟಿದರೆ ಕವಾಟ ಬದಲಿಸುವ ಆಪರೇಷನ್, ಅದರೊಳಗಿದ್ದರೆ ಆರು ತಿಂಗಳು ಕಾಯುವುದು.

ಮಾಲಿನಿಗೆ ಇದೆಲ್ಲ ನಾಲ್ಕು ವರ್ಷದ ಹಿಂದೆಯೂ ಗೊತ್ತಿತ್ತು. ಅವಳನ್ನು ತಿನ್ನುತ್ತಿದ್ದದ್ದೇ ಅದು.

ಆ ಗುರುವಾರ ಬಂದಿದ್ದವರು ರುದ್ರಯ್ಯ ಮೇಷ್ಟ್ರು. ಸಿ.ಎಸ್. ಪುರದ ಶಾಲೆಯಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟವರು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಮಗ್ಗಿ ಹೇಳಲು ಬೋರ್ಡಿನ ಮುಂದೆ ನಿಂತರೆ ಕಾಲು ನಡುಗಿ, ಉಸಿರು ಸಿಕ್ಕಿಕೊಂಡು ಮಾತೇ ಹೊರಡುತ್ತಿರಲಿಲ್ಲ. ಬೇರೆ ಮೇಷ್ಟ್ರಾಗಿದ್ದರೆ ಬೆತ್ತ ತೆಗೆಯುತ್ತಿದ್ದರು. ಇವರು ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. “ಉಸ್ರು ತುಂಬ್ಕೊ. ಇನ್ನೂ ತುಂಬ್ಕೊ. ಈಗ ಒಂದು ಗುಟುಕು ನುಂಗಿ ಅಲ್ಲೇ ಹಿಡಿ. ತುಂಬಿದ ಕೊಡ ತುಳುಕಲ್ಲ ಕಣಮ್ಮ.” ಹಾಗೆ ಹಿಡಿದು ಬಿಟ್ಟರೆ ನಡುಕ ನಿಲ್ಲುತ್ತಿತ್ತು. ಹದಿಮೂರರ ಮಗ್ಗಿಯನ್ನು ಅವಳು ಕಲಿತದ್ದು ಹಾಗೆ. ಮುಂದೆ ಎಲ್ಲ ಪರೀಕ್ಷೆ ಬರೆದದ್ದೂ, ಗಂಡಿನ ಕಡೆಯವರ ಮುಂದೆ ಕೂತದ್ದೂ, ಹೆರಿಗೆ ನೋವು ತಿಂದದ್ದೂ ಅದೇ ಉಸಿರಿನ ಬಲದಿಂದ. ಆ ಮನುಷ್ಯನ ಋಣ ಅವಳ ಎದೆಗೂಡಿನಲ್ಲೇ ಇತ್ತು.

ಮೇಷ್ಟ್ರು ರಿಟೈರಾದ ಮೇಲೆ ಕುಣಿಗಲ್ಲಿನಲ್ಲಿ ನೆಲೆಸಿ, ಮನೆಯೆದುರಿನ ಮಠದ ಹಜಾರದಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಪ್ರಾಣಾಯಾಮ ಹೇಳಿಕೊಡುತ್ತಿದ್ದರು. ಬಲಗಡೆಯ ಕವಾಟ ಸೋರುತ್ತಿದೆ ಎಂದು ತಿಳಿದದ್ದು ಕಾಲು ಊದಿಕೊಂಡ ಮೇಲೆ. ಸ್ಕ್ಯಾನಿಗೆ ಬಂದವರು ಮಾಲಿನಿಯನ್ನು ಕಂಡು ಮಗುವಿನ ಹಾಗೆ ಹಿಗ್ಗಿದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲೋಹ ಒಳಗೆ ಹೋಗುವಂತಿಲ್ಲ, ಲಿಂಗ ಮೈಬಿಟ್ಟು ಇರುವಂತಿಲ್ಲ. ಲಿಂಗವಂತರ ಮನೆಯ ಮಗಳಾದ ಮಾಲಿನಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಡ್ರಾಯರಿನಲ್ಲಿ ಒಗೆದ ಬಿಳಿ ಬಟ್ಟೆಯ ತುಂಡುಗಳು ಸದಾ ಇರುತ್ತಿದ್ದವು. ಕರಡಿಗೆ ಬಿಚ್ಚಿಸಿ, ಲಿಂಗಕ್ಕೆ ಚಿಕ್ಕ ಅಯಸ್ಕಾಂತ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತಿದ್ದಳು. ಮೇಷ್ಟ್ರಿಗೂ ಹಾಗೇ ಕಟ್ಟಿದಳು. “ಜಾಣೆ ಕಣಮ್ಮ ನೀನು” ಎಂದು ಅವರು ತಲೆ ಸವರಿದರು.

ಕರಡಿಗೆ ಬಿಚ್ಚಿಸಿದ ಧೈರ್ಯ ಉಸಿರಿನ ವಿಷಯಕ್ಕೆ ಬರಲಿಲ್ಲ. ಎದೆಗೆ ಕಟ್ಟಿದ ಪಟ್ಟಿಯಿಂದ ಉಸಿರು ಪರದೆಯ ಮೇಲೆ ಹಸಿರು ಗೆರೆಯಾಗಿ ಓಡುತ್ತದೆ. ಉಸಿರು ಬಿಟ್ಟು ಹಿಡಿದರೆ ಗೆರೆ ತಳದಲ್ಲಿ ಮಲಗಬೇಕು. ಮೇಷ್ಟ್ರ ಗೆರೆ ಸರಸರನೆ ಏರಿ, ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಹೊಡೆದು, ಅಲ್ಲೇ ಮೇಲೆ ನೆಟ್ಟಗೆ ನಿಂತಿತು. ಆ ಕೊಕ್ಕೆ ಅವರು ನುಂಗುತ್ತಿದ್ದ ಗುಟುಕು. ಮಾಲಿನಿ ಮೈಕು ಒತ್ತಿದಳು. “ಮೇಷ್ಟ್ರೇ, ತುಂಬ್ಕೊಂಡು ಹಿಡೀಬೇಡಿ, ಪೂರಾ ಬಿಟ್ಟು ಹಿಡ್ಕೊಳಿ.”

ಒಳಗಿನಿಂದ ನಗು ಕೇಳಿಸಿತು. “ನಂಗೇ ಉಸ್ರು ಹೇಳ್ಕೊಡ್ತೀಯೇನಮ್ಮ?”

ಅವಳೂ ನಕ್ಕಳು. ಗುರುಗಳಿಗೆ ಎರಡು ಸಲ ಹೇಳುವುದುಂಟೇ? ನಮ್ಮಲ್ಲಿ ಯಾರು ಹೇಳುತ್ತಾರೆ? ಹನ್ನೆರಡು ಬಿಲ್ಲೆಯೂ ತುಂಬಿದ ಉಸಿರಿನಲ್ಲೇ ಮುಗಿದವು. ಸಂಖ್ಯೆ ನೂರನಲವತ್ತಮೂರು ಬಂತು. ಆರು ತಿಂಗಳು ಕಾಯಿರಿ ಎಂದು ಬೆಂಗಳೂರಿನಿಂದ ಬರೆದರು. ಮೇಷ್ಟ್ರು ಹೋಗುವಾಗ ಅವಳ ಕೈಗೆ ಎರಡು ಬಾಳೆಹಣ್ಣು ಕೊಟ್ಟು, ಖುಷಿಯಾಗಿ ಹೋದರು.

ಐದನೇ ತಿಂಗಳಿಗೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. ಮಾಲಿನಿ ಕುಣಿಗಲ್ಲಿಗೆ ಓಡಿದಳು. ಪದ್ಧತಿಯಂತೆ ಮೇಷ್ಟ್ರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ, ಬೆನ್ನು ನೆಟ್ಟಗಿದೆ. ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕೂತು ಉಸಿರು ಹಿಡಿಯುತ್ತಿದ್ದ ಮೇಷ್ಟ್ರೇ. ಇನ್ನೇನು ಬಿಡುತ್ತಾರೆ ಎಂದು ಕಾಯುತ್ತ ನಿಂತಳು. ಹೆಂಡತಿ ಶಕುಂತಲಮ್ಮ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. “ಆರ್ ತಿಂಗ್ಳು ಏನೂ ಆಗಲ್ಲ ಅಂದಿದ್ರು. ಸ್ಕ್ಯಾನ್ ಚೆನ್ನಾಗೈತೆ ಅಂದಿದ್ರು.” ಮಾಲಿನಿ ಅವರ ಕಣ್ಣಿಗೆ ಬೀಳದೆ ಹಿಂದಿನಿಂದಲೇ ಬಸ್ ಸ್ಟ್ಯಾಂಡಿಗೆ ಹೊರಟುಬಂದಳು.

ಅಂದಿನಿಂದ ಮೇಷ್ಟ್ರು ಅವಳನ್ನು ಬಿಟ್ಟಿರಲಿಲ್ಲ. ಬಿಳಿ ಸೀರೆ ಉಟ್ಟು ಹುಣಸೇಮರದಿಂದ ಇಳಿಯುವ ದೆವ್ವವಾಗಿದ್ದರೆ ತಾಯತ ಕಟ್ಟಿಸಬಹುದಿತ್ತು. ಇದು ಬೇರೆ. ಗಾಜಿನಾಚೆ ಸುರಂಗದಿಂದ ಹೊರಗೆ ಕಾಣುವ ಯಾವ ಮುದುಕರ ಪಾದ ಕಂಡರೂ ಅವರ ಒಡೆದ ಹಿಮ್ಮಡಿಯೇ. ಸಿಟಿ ಬಸ್ಸಿನಲ್ಲಿ ಹಿಂದಿನ ಸೀಟಿನವರು ಉಸಿರೆಳೆದು ಸುಮ್ಮನಾದರೆ, ಅವರು ಬಿಡುವವರೆಗೂ ಇವಳು ಎಣಿಸುತ್ತ ಕೂರುತ್ತಿದ್ದಳು. ಒಮ್ಮೆ ಹಾಗೆ ಎಣಿಸುತ್ತ ಇಳಿಯುವ ಸ್ಟಾಪೇ ದಾಟಿಹೋಗಿತ್ತು. ತುಂಬಿ ಹಿಡಿಯುವ ಉಸಿರನ್ನು ತಾನು ಮಾತ್ರ ಎಂದೂ ಹಿಡಿಯಲಿಲ್ಲ, ಮಗನ ಆಕ್ಸಿಡೆಂಟಿನ ಫೋನು ಬಂದ ದಿನ ಕೂಡ. ನಡುಗಿದರೆ ನಡುಗಲಿ ಎಂದುಬಿಟ್ಟಳು. ಅವಳಿಗೆ ಉಳಿದಿದ್ದ ಸಮಾಧಾನ ಒಂದೇ. ಉಸಿರು ಸರಿಯಾಗಿ ಹಿಡಿದಿದ್ದರೂ ಸಂಖ್ಯೆ ಅಷ್ಟೇ ಬರುತ್ತಿತ್ತೇನೋ. ಯಾರಿಗೆ ಗೊತ್ತು? ಆ ‘ಯಾರಿಗೆ ಗೊತ್ತು’ ಎಂಬ ಮಾತನ್ನು ಹಿಡಿದುಕೊಂಡೇ ಅವಳು ನಾಲ್ಕು ವರ್ಷ ತಳ್ಳಿದ್ದಳು.

ಈ ಸಲದ ಶ್ರಾವಣಕ್ಕೆ ಮುಂಚಿನ ಒಂದು ಗುರುವಾರ, ಕುಣಿಗಲ್ ಕಡೆಯಿಂದ ಮಾನಸಾ ಎಂಬ ಇಪ್ಪತ್ತೊಂದು ವರ್ಷದ ಹುಡುಗಿ ಅಜ್ಜಿ ಲಕ್ಷ್ಮೀದೇವಮ್ಮನ ಜೊತೆ ಬಂದಳು. ಎರಡು ವರ್ಷದ ಮಗುವಾಗಿದ್ದಾಗಲೇ ಹೃದಯದ ಆಪರೇಷನ್ ಆಗಿದ್ದ ಹುಡುಗಿ. ಈಗ ಬಲಗಡೆಯ ಕವಾಟ ಸೋರುತ್ತಿದೆ, ಬದಲಿಸುವ ಕಾಲ ಬಂದಿದೆಯೇ ಇಲ್ಲವೇ ನೋಡಬೇಕು. “ಇನ್ನೊಂದ್ಸಲ ಎದೆ ಕುಯ್ಯಂಗಿಲ್ಲ ಅಂತ ಬರ್ಲಿ ಕಣವ್ವ, ದೇವ್ರಿಗೆ ಮುಡುಪು ಕಟ್ಟಿವ್ನಿ” ಎಂದಳು ಅಜ್ಜಿ. ಹುಡುಗಿ ಒಳಗೆ ಹೋಗಿ ಮಲಗಿದಳು.

ಮಾಲಿನಿ ಪರದೆಯ ಮುಂದೆ ಕೂತು ಎಂದಿನಂತೆ ಉಸಿರು ಬಿಟ್ಟು ಹಿಡಿಯಲು ಹೇಳಿದಳು. ಹಸಿರು ಗೆರೆ ಸರಸರನೆ ಏರಿತು. ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಹೊಡೆಯಿತು. ಅಲ್ಲೇ ಮೇಲೆ ನೆಟ್ಟಗೆ ನಿಂತಿತು.

ಮಾಲಿನಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಸಾವಿರಾರು ಜನರ ಉಸಿರು ಕಂಡವಳು ಅವಳು. ಈ ಕೊಕ್ಕೆ ಲೋಕದಲ್ಲಿ ಒಬ್ಬರದೇ. “ಪೂರಾ ಬಿಟ್ಟು ಹಿಡಿ ಪುಟ್ಟ” ಎಂದಳು. “ಹೂಂ ಮೇಡಂ” ಎಂದಿತು ಒಳಗಿನ ದನಿ. ಗೆರೆ ಮತ್ತೆ ಹಾಗೇ ಏರಿತು, ಹಾಗೇ ಗುಟುಕು ನುಂಗಿತು. ಮಾಲಿನಿಗೆ ಎರಡನೇ ಮಾತು ಬಾಯಿಂದ ಹೊರಡಲೇ ಇಲ್ಲ. ನಂಗೇ ಉಸ್ರು ಹೇಳ್ಕೊಡ್ತೀಯೇನಮ್ಮ, ನಂಗೇ ಉಸ್ರು ಹೇಳ್ಕೊಡ್ತೀಯೇನಮ್ಮ. ಯಂತ್ರ ಟಕಟಕ ಬಡಿದುಕೊಳ್ಳುತ್ತ ಒಂದೊಂದೇ ಬಿಲ್ಲೆ ತೆಗೆಯುತ್ತ ಹೋಯಿತು. ಹನ್ನೆರಡೂ ಮುಗಿದವು.

“ಆಯ್ತಲ್ಲ ಮೇಡಂ, ಇಳ್ಸಣ್ವಾ? ಆಚೆ ಇನ್ನೂ ಮೂರ್ ಜನ ಅವ್ರೆ” ಎಂದ ಮಲ್ಲಿಕಾರ್ಜುನ್.

“ಇಲ್ಲ” ಎಂದಳು ಮಾಲಿನಿ. ಅವಳ ದನಿ ಅವಳಿಗೇ ಗುರುತು ಹತ್ತಲಿಲ್ಲ. “ಇನ್ನೊಂದ್ ಸಲ ಎಲ್ಲಾ ಮಾಡ್ಬೇಕು. ನಾನು ಒಳಗೆ ಹೋಗ್ತೀನಿ, ನೀವು ಮೈಕ್ ನೋಡ್ಕೊಳ್ಳಿ.”

ಸೀರೆಯ ಪಿನ್ನು, ತಾಳಿ ಸರ, ಓಲೆ, ಬಳೆ ಎಲ್ಲ ಬಿಚ್ಚಿಟ್ಟಳು. ತನ್ನ ಕರಡಿಗೆಯನ್ನೂ ಬಿಚ್ಚಿ, ಡ್ರಾಯರಿನ ಬಿಳಿ ಬಟ್ಟೆಯಲ್ಲಿ ಲಿಂಗ ಸುತ್ತಿ ತೋಳಿಗೆ ಕಟ್ಟಿಕೊಂಡಳು. ಗಂಟು ಎರಡು ಸಲ ಜಾರಿತು. ಒಳಗೆ ಹೋಗಿ, ಹುಡುಗಿಯನ್ನು ಸುರಂಗದಿಂದ ಹೊರಗೆಳೆದು, ತಲೆಯ ಹತ್ತಿರ ನಿಂತಳು.

“ಈ ಉಸಿರು ಯಾರು ಕಲಿಸಿದ್ದು ಪುಟ್ಟ?”

“ರುದ್ರಯ್ಯ ಮೇಷ್ಟ್ರು. ನಿಮ್ಗೂ ಗೊತ್ತಾ?” ಹುಡುಗಿಯ ಮುಖ ಅರಳಿತು. “ಸ್ಕೂಲಲ್ಲಿ ನನ್ನ ಆಟಕ್ಕೇ ಸೇರಿಸ್ಕೊಳ್ತಿರ್ಲಿಲ್ಲ ಮೇಡಂ. ಓಡಕ್ಕಾಗ್ದಿದ್ರೆ ಬುಡು, ಉಸ್ರು ಹಿಡಿ, ಅದ್ರಲ್ಲಿ ಎಲ್ಲರ್ನೂ ಗೆಲ್ತೀಯ ಅಂದ್ರು. ಗೆದ್ದೆ. ಅರವತ್ತರ ತನಕ ಹಿಡಿತಿದ್ದೆ.” ಆಮೇಲೆ ಅವಳ ದನಿ ತಗ್ಗಿತು. “ಅವರು ಹೋದ ದಿನ ನಾನು ಮಠದ ಹಜಾರದಲ್ಲೇ ಇದ್ದೆ. ಅವರು ಕಣ್ ಮುಚ್ಕೊಂಡು ಹಿಡಿತಿದ್ರು, ನಾವು ಎಣಿಸ್ತಿದ್ವಿ. ಯಾವಾಗ್ಲೂ ತೊಂಬತ್ತಕ್ಕೆ ಬಿಡೋರು. ಅವತ್ತು ನೂರಾಯ್ತು, ನೂರೈವತ್ತಾಯ್ತು. ಚಿಕ್ಕ ಮಕ್ಕಳು ಚಪ್ಪಾಳೆ ಹೊಡೀತಿದ್ವು. ಕಂಬಕ್ಕೆ ಒರಗಿ ಕೂತಿದ್ರು ಮೇಡಂ, ಗೊತ್ತೇ ಆಗ್ಲಿಲ್ಲ. ಇನ್ನೂರರ ತನಕ ನಾನೇ ಎಣಿಸ್ದೆ.”

ಮಾಲಿನಿ ಹಾಸಿಗೆಯ ಅಂಚು ಹಿಡಿದುಕೊಂಡಳು. ಇನ್ನೂರು ಎಣಿಸಿದ ಮಕ್ಕಳು, ಚಪ್ಪಾಳೆ. ಆ ಚಪ್ಪಾಳೆಯಲ್ಲಿ ತನ್ನ ನಗುವೂ ಸೇರಿತ್ತು ಅನ್ನಿಸಿ ಅವಳಿಗೆ ಅಳು ಒತ್ತರಿಸಿ ಬಂತು. ಅತ್ತಳು. ಹುಡುಗಿ ಗಾಬರಿಯಾಗಿ ಏಳಲು ಹೋದಳು, ಇವಳು ಭುಜ ಹಿಡಿದು ಮಲಗಿಸಿದಳು.

“ಮೇಷ್ಟ್ರು ಇದೇ ಹಾಸಿಗೆ ಮೇಲೆ ಮಲಗಿದ್ರು ಮಾನಸಾ. ಹಿಂಗೇ ತುಂಬ್ಕೊಂಡು ಹಿಡಿದ್ರು. ತಪ್ಪು ಅಂತ ನಂಗೆ ಗೊತ್ತಿತ್ತು. ಒಂದ್ಸಲ ಹೇಳ್ದೆ, ಅವರು ನಕ್ರು, ನಾನೂ ನಕ್ಕು ಸುಮ್ನಾದೆ. ನಿಂಗೆ ಎರಡನೇ ಸಲ ಹೇಳ್ತಿದೀನಿ. ಪೂರಾ ಖಾಲಿ ಮಾಡಿ ಹಿಡೀಬೇಕು.”

ಹುಡುಗಿ ಅವಳ ಸೆರಗು ಹಿಡಿದುಕೊಂಡಳು. “ಖಾಲಿ ಮಾಡಿದ್ರೆ ಹೆದ್ರಿಕೆ ಆಗುತ್ತೆ ಮೇಡಂ. ವಾಪಸ್ ಬರ್ದಿದ್ರೆ?”

“ನಾನಿಲ್ಲೇ ಇರ್ತೀನಿ. ಕೈ ಹಿಡ್ಕೊಂಡಿರ್ತೀನಿ. ನಾನು ಅದುಮಿದಾಗ ಬಿಡು, ಸಡಿಲ ಮಾಡಿದಾಗ ಎಳ್ಕೊ.”

ಯಂತ್ರ ಮತ್ತೆ ಬಡಿದುಕೊಳ್ಳತೊಡಗಿತು. ಆ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಮಾಲಿನಿ ಕೈ ಅದುಮಿ ತಾನೂ ಉಸಿರು ಬಿಟ್ಟಳು. ಖಾಲಿ ಎದೆಯ ಹನ್ನೆರಡು ಸೆಕೆಂಡು ಎಷ್ಟು ಉದ್ದ ಎಂದು ಹದಿನೆಂಟು ವರ್ಷ ಮೈಕು ಒತ್ತಿದವಳಿಗೆ ಅಂದು ಗೊತ್ತಾಯಿತು. ಹನ್ನೆರಡು ಸಲ ಇಬ್ಬರೂ ಬಿಟ್ಟರು, ಹನ್ನೆರಡು ಸಲವೂ ಉಸಿರು ವಾಪಸ್ ಬಂತು. ಗಾಜಿನಾಚೆಯಿಂದ ಮಲ್ಲಿಕಾರ್ಜುನ್ ಹೆಬ್ಬೆರಳು ತೋರಿಸಿದ. ಗೆರೆ ತಳದಲ್ಲಿ ಮಲಗಿತ್ತು.

ಮಧ್ಯಾಹ್ನ ಊಟಕ್ಕೆ ಏಳದೆ ಅಂಚಿನ ಗೆರೆ ಎಳೆದಳು. ನೂರೈವತ್ತೆಂಟು ಬಂತು. ಗಡಿ ದಾಟಿತ್ತು. ಸಂಜೆಯೊಳಗೆ ಬೆಂಗಳೂರಿನಿಂದ ಫೋನು ಬಂದು, ಆಪರೇಷನ್‌ಗೆ ದಿನ ಗೊತ್ತು ಮಾಡಬೇಕು, ತಡಮಾಡುವಂತಿಲ್ಲ ಎಂದರು. ಅಜ್ಜಿ ಕುರ್ಚಿಯಲ್ಲಿ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾನಸಾ ಅಳಲಿಲ್ಲ. ಬಾಗಿಲ ಹತ್ತಿರ ಹೋದವಳು ತಿರುಗಿ ಬಂದು ಮಾಲಿನಿಯ ಕೈಯನ್ನು ಒಮ್ಮೆ ಅದುಮಿ ಹೋದಳು.

ಕೆಲಸ ಅಲ್ಲಿಗೆ ಮುಗಿದಿತ್ತು. ಮೊದಲು ತೆಗೆದ ತುಂಬಿದ ಉಸಿರಿನ ಹನ್ನೆರಡು ಬಿಲ್ಲೆಗಳನ್ನು ಯಾರೂ ಕೇಳಿರಲಿಲ್ಲ. ಅಳಿಸಿ ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ‘ಯಾರಿಗೆ ಗೊತ್ತು’ ಎಂಬ ಮಾತು ಅವಳ ಪಾಲಿಗೆ ಉಳಿಯುತ್ತಿತ್ತು. ಅವಳು ಕೂತಳು. ಒಂದೊಂದಕ್ಕೂ ಗೆರೆ ಎಳೆದಳು, ಅವಸರ ಮಾಡದೆ. ನೂರನಲವತ್ತೊಂದು ಬಂತು. ಅದೇ ಹುಡುಗಿ, ಅದೇ ಹೃದಯ, ಅರ್ಧ ಗಂಟೆಯ ಅಂತರ. ಹದಿನೇಳರ ವ್ಯತ್ಯಾಸ.

ಒಬ್ಬರ ವ್ಯತ್ಯಾಸ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ, ಹಾಗೆ ಕೂಡಿಸುವುದು ತಪ್ಪು ಎಂದು ಯಾವ ಡಾಕ್ಟರಾದರೂ ಹೇಳುತ್ತಾರೆ. ಅವಳಿಗೂ ಗೊತ್ತು. ಆದರೂ ಲೆಕ್ಕ ತಾನಾಗಿ ನಡೆಯಿತು. ಮೇಷ್ಟ್ರದು ನೂರನಲವತ್ತಮೂರು. ಮೂರಕ್ಕೆ ಏಳು ಸೇರಿದರೆ ಹತ್ತು, ಸೊನ್ನೆ ಬರಿ, ಒಂದು ದಶಕ ಕೈಯಲ್ಲಿಟ್ಟುಕೊ. ಸಿ.ಎಸ್. ಪುರದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅವರೇ ಬರೆಸಿದ ಲೆಕ್ಕ. ನೂರರವತ್ತು.

ಭಾನುವಾರ ಬೆಳಿಗ್ಗೆ ಅವಳು ಕುಣಿಗಲ್ ಬಸ್ ಹತ್ತಿದಳು. ಶಕುಂತಲಮ್ಮ ಜಗಲಿಯ ಮೇಲೆ ಹುರುಳಿಕಾಳು ಹಸನು ಮಾಡುತ್ತಿದ್ದರು. “ಬಾರವ್ವ ಮಾಲಿನಿ, ಕೂತ್ಕೊ, ಕಾಫಿ ಇಡ್ತೀನಿ” ಎಂದು ಏಳಹೊರಟವರನ್ನು ತಡೆದು, ಮಾಲಿನಿ ನಿಂತುಕೊಂಡೇ ಹೇಳಿದಳು. ಹಸಿರು ಗೆರೆ, ಮೇಷ್ಟ್ರ ನಗು, ತನ್ನ ನಗು, ಹದಿನೇಳು, ನೂರರವತ್ತು. ಒಂದೇ ಉಸಿರಿನಲ್ಲಿ, ತಲೆತಗ್ಗಿಸಿ, ಗಡಿಬಿಡಿಯಲ್ಲಿ ಹೇಳಿ ಮುಗಿಸಿದಳು. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧವಾಗಿ ನಿಂತಳು.

ಶಕುಂತಲಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಅವರ ಕಣ್ಣು ಎದುರಿನ ಮಠದ ಹಜಾರದ ಕಡೆಗೆ, ಮೇಷ್ಟ್ರು ಒರಗಿದ್ದ ಆ ಕಂಬದ ಕಡೆಗೆ ಹೋಗಿ ವಾಪಸ್ ಬಂತು.

“ಇನ್ನೊಂದ್ ಸಲ ಹೇಳವ್ವ” ಎಂದರು.

ಮಾಲಿನಿ ಉಸಿರನ್ನು ಪೂರಾ ಹೊರಗೆ ಬಿಟ್ಟು, ಅವರ ಮುಖ ನೋಡುತ್ತ, ಮೊದಲಿನಿಂದ ಮತ್ತೆ ಹೇಳಲು ಶುರು ಮಾಡಿದಳು.